ಮಲ್ಕಮ್ಮನ ಬ್ಯಾಟರಿ, ಗುಫ್ರಾನರ ಪಾಳಿ

ಕಮಲಾಪುರದಲ್ಲಿ ಸಂಜೆಯ ಕತ್ತಲು ಮೊದಲು ತಗ್ಗಿಗೆ ಇಳಿಯುತ್ತದೆ. ಊರ ಮಾಳಿಗೆಗಳ ಮೇಲೆ ಇನ್ನೂ ಮಸುಕು ಬೆಳಕಿರುವಾಗಲೇ ಕೆಂಪು ಬಾಳೆ ಬೆಳೆಯುವ ಈ ತಗ್ಗಿನಲ್ಲಿ ಗಿಡದ ಬುಡ ಕಾಣಿಸುವುದಿಲ್ಲ. ಆ ದಿನವೂ ಎಂಟು ಗಂಟೆಯ ಹೊತ್ತಿಗೆ ಮಲ್ಕಮ್ಮ ಬದುವಿನ ಮೇಲೆ ನಿಂತಿದ್ದರು. ಒಂದು ಕೈಯಲ್ಲಿ ಸಲಿಕೆ, ಇನ್ನೊಂದು ಕೈಯಲ್ಲಿ ಬ್ಯಾಟರಿ. ಪೇಟೆಯವರು ಟಾರ್ಚ್ ಎನ್ನುವುದನ್ನು ಈ ಕಡೆ ಬ್ಯಾಟರಿ ಎನ್ನುತ್ತಾರೆ.

ಎದುರಿನ ದಿಬ್ಬದ ಮೇಲೆ, ಬಾವಿಯ ಹತ್ತಿರ, ಬೆಳಕು ಮೂರು ಸಲ ಹೊತ್ತಿ ಆರಿತು. ಮಲ್ಕಮ್ಮ ತಮ್ಮ ಬ್ಯಾಟರಿಯನ್ನು ಒಂದು ಸಲ ಉದ್ದಕ್ಕೆ ಹೊತ್ತಿಸಿ ಆರಿಸಿದರು. ಸ್ವಲ್ಪ ಹೊತ್ತಿಗೆ ಪೈಪಿನ ಬಾಯಿ ಗೊರಗೊರ ಅಂದು ನೀರು ಬಂತು. ಅವರು ಬಗ್ಗಿ ಮೊದಲ ಸಾಲಿನ ಮಣ್ಣು ಸರಿಸಿದರು.

ಗಡಿಯಲ್ಲಿ ಯುದ್ಧ ನಡೆಯುತ್ತಿದ್ದ ವಾರ ಅದು. ಆ ಸಂಜೆ ಊರಲ್ಲಿ ದೀಪ ಆರಿಸುವ ತಾಲೀಮು ಇತ್ತು. ಮಧ್ಯಾಹ್ನವೇ ಆಟೊದಲ್ಲಿ ಮೈಕು ಕಟ್ಟಿ, ಸೈರನ್ ಕೂಗಿದ ಮೇಲೆ ಮನೆ, ಅಂಗಡಿಗಳ ದೀಪ ಆರಿಸಬೇಕು ಎಂದು ಸಾರಿದ್ದರು. ತಾಲೀಮಿನ ಸ್ವಯಂಸೇವಕರ ಮುಂದಾಳು ಜಗದೇವಪ್ಪ ಹತ್ತಾರು ಹುಡುಗರೊಂದಿಗೆ ಶಾಲೆಯ ಮಾಳಿಗೆ ಹತ್ತಿ, ಯಾರ ಮನೆಯಲ್ಲಿ ಬೆಳಕಿದೆ ಎಂದು ನೋಡುತ್ತಿದ್ದರು. ಇಡೀ ಊರು ಕಪ್ಪಾಗಿತ್ತು. ತಗ್ಗಿನ ಎದುರಿನ ದಿಬ್ಬದ ಮೇಲೆ ಮಾತ್ರ ಒಂದು ಬೆಳಕು ಮೂರು ಸಲ ಮಿಂಚಿತು. ಕೆಳಗಿನಿಂದ ಇನ್ನೊಂದು ಬೆಳಕು ಅದಕ್ಕೆ ಉತ್ತರ ಕೊಟ್ಟಿತು.

ದಿಬ್ಬದ ಹೊಲ ಗುಫ್ರಾನರದು ಎಂದು ಎಲ್ಲರಿಗೂ ಗೊತ್ತಿತ್ತು. ವಾರ ಕಳೆಯುವಷ್ಟರಲ್ಲಿ ಗುಫ್ರಾನ್ ಕಲಬುರಗಿಯ ಜೈಲಿನಲ್ಲಿದ್ದರು.

ಅವರ ಮೇಲೆ ಮೊಕದ್ದಮೆ ಹೂಡಲಿಲ್ಲ. ಮುಂಜಾಗ್ರತಾ ಬಂಧನದ ಆದೇಶಕ್ಕೆ ಮೊಕದ್ದಮೆ ಬೇಕಾಗುವುದಿಲ್ಲ. ಈ ಮನುಷ್ಯ ಹೊರಗಿದ್ದರೆ ದೇಶದ ಭದ್ರತೆಗೆ ಅಪಾಯ ಎಂದು ಅಧಿಕಾರಿಗೆ ಮನವರಿಕೆಯಾದರೆ ಸಾಕು, ಒಂದು ವರ್ಷದವರೆಗೆ ಒಳಗಿಡಬಹುದು. ಯುದ್ಧ ಕೆಲವೇ ದಿನಗಳಲ್ಲಿ ನಿಂತಿತು. ಆದೇಶ ನಿಲ್ಲಲಿಲ್ಲ. ಆದೇಶದ ಜೊತೆಗೆ ಕೊಟ್ಟ ಕಾರಣಗಳಲ್ಲಿ ಹೀಗಿತ್ತು: ಗುಫ್ರಾನ್ ಆಕಾಶದತ್ತ ಬೆಳಕಿನ ಸಂಕೇತ ಮಾಡಿದ್ದಾರೆ, ಕೆಳಗಿನ ಹೊಲದಿಂದ ಅಪರಿಚಿತ ಸಹಚರನೊಬ್ಬ ಉತ್ತರಿಸಿದ್ದಾನೆ, ಬೆಳಕು ಕಂಡದ್ದನ್ನು ನೆರೆಹೊಲದವರೂ ದೃಢಪಡಿಸಿದ್ದಾರೆ.

ಆ ನೆರೆಹೊಲದವರು ಮಲ್ಕಮ್ಮ. ಆ ಅಪರಿಚಿತ ಸಹಚರನೂ ಮಲ್ಕಮ್ಮನೇ.

ತಾಜಸುಲ್ತಾನಪುರದಲ್ಲಿ ಹುಟ್ಟಿ ಕಮಲಾಪುರಕ್ಕೆ ಸೊಸೆಯಾಗಿ ಬಂದವರು ಮಲ್ಕಮ್ಮ. ಈಗ ಐವತ್ತು ದಾಟಿದೆ. ಗಂಡ ಅಮೋಘಸಿದ್ದ ತೀರಿಕೊಂಡ ಮೇಲೆ ತೋಟ ಅವರೊಬ್ಬರ ಮೇಲೆ ಬಿತ್ತು. ಮಗ ಗುರುಲಿಂಗ ಕಲಬುರಗಿಯಲ್ಲಿ ಬೈಕು ಶೋರೂಮೊಂದರಲ್ಲಿ ಕೆಲಸಕ್ಕಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಕೆಂಪು ಬಾಳೆ ಅವಸರದ ಬೆಳೆಯಲ್ಲ. ಗೊನೆ ಬಿಡಲು ಒಂದೂವರೆ ವರ್ಷ ಕಾಯಿಸುತ್ತದೆ, ಕೊಟ್ಟಿಗೆ ಗೊಬ್ಬರ ಕೇಳುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನೀರು ಕೇಳುತ್ತದೆ. ಮಲ್ಕಮ್ಮ ಹಣ್ಣನ್ನು ದಲ್ಲಾಳಿಗೆ ಕೊಡುವುದಿಲ್ಲ. ಒಣಗಿದ ಬಾಳೆ ಎಲೆಯಲ್ಲಿ ಸುತ್ತಿ ಬುಟ್ಟಿಗೆ ಜೋಡಿಸಿ, ಕಲಬುರಗಿಗೆ ತಂದು, ಪೇಟೆಯ ನಡುವಿನ ವೃತ್ತವಾದ ಜಗತ್‌ನ ಒಂದು ಗೋಡೆಯ ನೆರಳಿನಲ್ಲಿ ಕೂತು ತಾವೇ ಮಾರುತ್ತಾರೆ. ಹೆಬ್ಬೆರಳಿನಿಂದ ಹಣ್ಣು ಒತ್ತಿ ನೋಡಿದವನು ಆ ಹಣ್ಣನ್ನು ಕೊಳ್ಳಲೇಬೇಕು. ಕೊಳ್ಳದೆ ಎದ್ದು ಹೋದ ಒಬ್ಬ ಗಿರಾಕಿಯನ್ನು ಅವರು ಬಸ್ಸಿನೊಳಗೂ ಹತ್ತಿ ಹಿಡಿದಿದ್ದರು.

ಗುಫ್ರಾನರ ಜೊತೆಗಿನ ಜಗಳಕ್ಕೆ ಬಾವಿ ಕಾರಣ. ಬಾವಿಯನ್ನು ಮಲ್ಕಮ್ಮನ ಮಾವ ಮತ್ತು ಗುಫ್ರಾನರ ತಂದೆ ಕೂಡಿ ತೋಡಿಸಿದ್ದು. ಇಬ್ಬರೂ ಇರುವ ತನಕ ನೀರಿನ ಮಾತೇ ಬಂದಿರಲಿಲ್ಲ. ಆಮೇಲೆ ಗುಫ್ರಾನ್ ಯಾರನ್ನೂ ಕೇಳದೆ ದೊಡ್ಡ ಮೋಟಾರು ಇಳಿಸಿದರು. ಆ ಬೇಸಿಗೆಯಲ್ಲಿ ಮಲ್ಕಮ್ಮನ ಒಂದು ಸಾಲು ಗಿಡ ಗೊನೆ ಹೊತ್ತುಕೊಂಡೇ ಬಾಗಿ ಬಿದ್ದವು. ಮರುದಿನ ಬೆಳಿಗ್ಗೆ ಅವರು ಕುಡುಗೋಲು ತೆಗೆದುಕೊಂಡು ಹೋಗಿ ಗುಫ್ರಾನರ ಪೈಪನ್ನು ನಾಲ್ಕು ಕಡೆ ಕೊಯ್ದರು. ಎರಡೂ ಕಡೆಯಿಂದ ಪೊಲೀಸ್ ದೂರು ಹೋಯಿತು. ಬಾವಿ ಪಾಲು ಮಾಡಿಕೊಡಬೇಕು ಎಂದು ಗುಫ್ರಾನ್ ಕಲಬುರಗಿ ಕೋರ್ಟಿನಲ್ಲಿ ದಾವೆ ಹಾಕಿದರು. ಬಾವಿಯಲ್ಲಿ ಅವರಿಗೆ ಪಾಲೇ ಇಲ್ಲ ಎಂದು ಮಲ್ಕಮ್ಮ ಜವಾಬು ಹಾಕಿದರು.

ದಾವೆ ಮುಗಿಯುವ ತನಕ ಗಿಡ ಕಾಯುವುದಿಲ್ಲ. ಊರ ಹಿರಿಯ ಮಹಾದೇವಪ್ಪ ಇಬ್ಬರನ್ನೂ ಕರೆಸಿ ಪಾಳಿ ಕಟ್ಟಿದರು. ಎರಡು ದಿನ ಅವರಿಗೆ, ಎರಡು ದಿನ ಇವರಿಗೆ, ಬದಲಾವಣೆ ಸಂಜೆ ಎಂಟಕ್ಕೆ. ಅಲ್ಲಿ ಕೂತಾಗಲೂ ಇಬ್ಬರೂ ಕೈಕೈ ಮಿಲಾಯಿಸುವುದಷ್ಟೇ ಬಾಕಿ ಇತ್ತು.

‘ನೀವಿಬ್ಬರೂ ಬಾಯಿ ತೆಗದ್ರ ನನಗ ಪಂಚಾಯ್ತಿ ತಪ್ಪಂಗಿಲ್ಲ,’ ಎಂದಿದ್ದರಂತೆ ಮಹಾದೇವಪ್ಪ. ‘ಮಾತ ಬ್ಯಾಡ. ಪಾಳಿ ಮುಗದಾವ್ರು ಮೂರು ಸಲ ಬ್ಯಾಟರಿ ಬಿಡ್ರಿ. ಆ ಕಡೆಯವ್ರು ಒಂದು ಸಲ ಬಿಡ್ರಿ. ವಾಲ್ವ್ ತಿರುಗಸ್ರಿ. ಮನಿಗಿ ಹೋಗ್ರಿ.’

ಅಂದಿನಿಂದ ಹಾಗೇ ನಡೆದಿತ್ತು. ಫೋನ್ ಮಾಡಬಹುದಿತ್ತಲ್ಲ ಎಂದು ಕೇಳಿದರೆ ಮಲ್ಕಮ್ಮ, ‘ಅವನ ನಂಬರ್ ನನ್ನ ಫೋನಿನ್ಯಾಗ ಯಾಕಿರ್ಬೇಕು?’ ಎನ್ನುತ್ತಾರೆ. ಮಹಾದೇವಪ್ಪ ತೀರಿಕೊಂಡರು. ಪಾಳಿ ಉಳಿಯಿತು.

ತಾಲೀಮಿನ ಮರುದಿನ ಪೊಲೀಸರೊಬ್ಬರು ಜಗದೇವಪ್ಪನವರ ಜೊತೆ ಮಲ್ಕಮ್ಮನ ಮನೆಗೆ ಬಂದಿದ್ದರು. ನಿನ್ನೆ ಗುಫ್ರಾನ್ ಬ್ಯಾಟರಿ ಬಿಟ್ಟದ್ದು ನಿಜವೇ ಎಂದು ಕೇಳಿದರು. ಮಲ್ಕಮ್ಮ, ‘ಬಿಟ್ಟಾನ’ ಎಂದು ಹೇಳಿ ಹೆಬ್ಬೆಟ್ಟು ಒತ್ತಿದರು. ಮುಂದೆ ಏನೂ ಹೇಳಲಿಲ್ಲ. ಹೇಳುವ ಮನಸ್ಸೂ ಇರಲಿಲ್ಲ.

ಪಾಳಿಗಾಗಿ ಬ್ಯಾಟರಿ ಬಿಟ್ಟೆ ಎಂದು ಗುಫ್ರಾನ್ ಮೊದಲ ದಿನದಿಂದಲೇ ಹೇಳುತ್ತಿದ್ದರು. ಯಾರೂ ನಂಬಲಿಲ್ಲ. ಆ ಇಬ್ಬರ ನಡುವೆ ಮಾತೇ ಇಲ್ಲ, ಇನ್ನು ಸನ್ನೆ ಎಲ್ಲಿಂದ ಬಂತು ಎಂದು ಊರೇ ಪೊಲೀಸರ ಮುಂದೆ ನಕ್ಕಿತ್ತು. ಮಹಾದೇವಪ್ಪನ ಪಂಚಾಯ್ತಿಯಲ್ಲಿ ಕೂತಿದ್ದವರಿಗೂ ಆಗ ನೆನಪು ಬರಲಿಲ್ಲ.

ಮುಂದಿನ ಕೆಲವು ವಾರ ಬಾವಿ ಪೂರ್ತಿ ಮಲ್ಕಮ್ಮನದಾಯಿತು. ದಿನಾ ನೀರು ಕಂಡ ಬಾಳೆ ಕಪ್ಪು ಹಸಿರಿಗೆ ತಿರುಗಿತು. ದಿಬ್ಬದ ಮೇಲೆ ಗುಫ್ರಾನರ ಗಿಡದ ಎಲೆ ಅಂಚಿನಿಂದ ಸುಟ್ಟಂತೆ ಒಣಗತೊಡಗಿತು. ಗುಫ್ರಾನರ ಹೆಂಡತಿ ಲತೀಫಾ ಒಂದು ಬೆಳಿಗ್ಗೆ ಮಲ್ಕಮ್ಮನ ಅಂಗಳಕ್ಕೆ ಬಂದರು. ಒಳಗೆ ಬಾ ಎಂದು ಮಲ್ಕಮ್ಮ ಕರೆಯಲಿಲ್ಲ.

‘ಅಕ್ಕಾ, ನಮ್ಮ ಪಾಳಿ ನಮಗ ಬಿಡು. ಗಿಡ ಸಾಯಾಕತ್ಯಾವ.’

‘ನಿನ್ನ ಗಂಡ ಬರ್ಲಿ. ಬಂದು ತಗೋಳ್ಲಿ.’

‘ಅವರು ಬರೋದು ನಿನ್ನ ಬಾಯಾಗ ಅದ. ಅದನ್ನೂ ನೀನೇ ಮುಚ್ಕೊಂಡು ಕುಂತೀದಿ, ನೀರೂ ನೀನೇ ಕುಡೀಲಿಕತ್ತೀದಿ.’

‘ನಾ ಸುಳ್ಳು ಹೇಳೀನೇನು? ಬ್ಯಾಟರಿ ಬಿಟ್ಟಿದ್ದ, ಬಿಟ್ಟಾನ ಅಂದೆ.’

‘ನೀನೂ ಬಿಟ್ಟಿದ್ದಿ. ಅದನ್ನ ಅಂದಿ ಏನು?’

ಮಲ್ಕಮ್ಮ ಕಸಬರಿಗೆ ಎತ್ತಿಕೊಂಡು ಲತೀಫಾ ನಿಂತಿದ್ದ ಜಾಗವನ್ನೇ ಗುಡಿಸಲು ಶುರು ಮಾಡಿದರು. ಲತೀಫಾ ಸರಿಯಲಿಲ್ಲ. ಧೂಳು ಅವರ ಕಾಲ ಮೇಲೆ ಬಿತ್ತು. ‘ಗುಡಿಸು, ಗುಡಿಸು. ನಿನ್ನ ಅಂಗಳ ಎಂದೂ ಸಾಫ್ ಆಗಂಗಿಲ್ಲ,’ ಎಂದು ಹೇಳಿ ಹೊರಟು ಹೋದರು.

ಜೂನ್ ತಿಂಗಳಲ್ಲಿ ಬಾವಿಯ ದಾವೆಯ ತಾರೀಖು ಬಂತು. ಮಲ್ಕಮ್ಮ ಕೋರ್ಟಿಗೆ ಹೋದರು. ಗುಫ್ರಾನರ ಹೆಸರನ್ನು ಬೇಲಿಫ್ ಮೂರು ಸಲ ಕೂಗಿದ. ಯಾರೂ ಓ ಎನ್ನಲಿಲ್ಲ. ಗುಫ್ರಾನರ ವಕೀಲ ಸಾಯಿಕುಮಾರ ಎದ್ದು, ತಮ್ಮ ಕಕ್ಷಿದಾರ ಬಂಧನದಲ್ಲಿದ್ದಾರೆ ಎಂದು ಮುಂದಿನ ತಾರೀಖು ಕೇಳಿದರು. ಹೊರಗೆ ಬಂದ ಮೇಲೆ ಮಲ್ಕಮ್ಮನ ವಕೀಲರು ಖುಷಿಯಾಗಿದ್ದರು. ಹೀಗೇ ಎರಡು ಮೂರು ತಾರೀಖು ತಪ್ಪಿದರೆ ದಾವೆ ವಜಾ ಆಗುತ್ತದೆ, ನೀವು ಏನೂ ಮಾಡಬೇಕಿಲ್ಲ, ಕೂತು ಗೆದ್ದಂತೆ ಎಂದರು. ಮಲ್ಕಮ್ಮ ಬಸ್ಸು ಹತ್ತಿದರು.

ಅದೇ ಸಂಜೆ ಜಗದೇವಪ್ಪ ಅವರ ಮನೆಗೆ ಬಂದರು. ಗುಫ್ರಾನರ ವಿಷಯ ಸಲಹಾ ಮಂಡಳಿಯ ಮುಂದೆ ಬರಲಿದೆ ಎಂದು ಅವರಿಗೆ ಗೊತ್ತಾಗಿತ್ತು. ಮೂವರ ಮಂಡಳಿ ಅದು. ಬಂಧನಕ್ಕೆ ಸಾಕಷ್ಟು ಕಾರಣವಿದೆಯೋ ಇಲ್ಲವೋ ಎಂದಷ್ಟೇ ನೋಡುತ್ತದೆ. ಇಲ್ಲ ಎಂದರೆ ಸರ್ಕಾರ ಬಿಡಲೇಬೇಕು. ಇದೆ ಎಂದರೆ ವರ್ಷ ತುಂಬುವ ತನಕ ಕೇಳುವಂತಿಲ್ಲ, ಹೈಕೋರ್ಟಿಗೆ ಹೋಗುವ ದಾರಿಯೊಂದೇ ಉಳಿಯುತ್ತದೆ.

‘ವೈನಿ, ಇನ್ನೊಂದು ಹೇಳಿಕೆ ಬರಸೋಣು,’ ಎಂದರು ಜಗದೇವಪ್ಪ. ‘ಅವತ್ತು ನಾ ಹೊಲಕ್ಕೇ ಹೋಗಿಲ್ಲ, ಕೆಳಗಿನ ಬೆಳಕು ಯಾರದೋ ಗೊತ್ತಿಲ್ಲ ಅನ್ರಿ. ಮುಗೀತು. ಬಾವಿ ನಿಮಗ ಖಾಯಂ.’

‘ಹೊಲಕ್ಕ ಹೋಗಿದ್ದೆನಲ್ಲ.’

‘ಅದು ನನಗೂ ಗೊತ್ತದ. ನಿಮಗೂ ಗೊತ್ತದ. ಬಾಕಿ ಯಾರಿಗಿ ಬೇಕು?’

‘ನಿನಗ ಗೊತ್ತಿತ್ತು?’

ಜಗದೇವಪ್ಪ ನಕ್ಕರು. ‘ನಿಮ್ಮ ಹೊಲದಾಗ ನಿಮ್ಮ ಬಿಟ್ರ ಯಾರ್ ನಿಂದರ್ತಾರ್ರಿ? ನಿಮ್ಮ ಹೆಸರು ಬರ್ಬಾರ್ದು ಅಂತ ನಾನೇ ಅಪರಿಚಿತ ಅಂತ ಬರಸೀನಿ. ಉಪಕಾರ ಮಾಡೀನಿ.’

ಮಲ್ಕಮ್ಮನಿಗೆ ಸಿಟ್ಟು ಬಂದದ್ದು ಆಗ. ಗುಫ್ರಾನರ ಮೇಲಿನ ಸಿಟ್ಟು ಹಳೆಯದು, ಅವರಿಗೆ ರೂಢಿಯಾದದ್ದು. ಇದು ಬೇರೆ.

‘ನನ್ನ ಜಗಳ ನನಗ ಅದ,’ ಎಂದರು. ‘ನನ್ನ ಪರವಾಗಿ ಜಗಳ ಮಾಡು ಅಂತ ನಿನಗ ಯಾರು ಹೇಳ್ಯಾರ? ನನ್ನ ಬಾಯಿಗಿ ಮಾತು ತುಂಬಾಕ ನೀ ಯಾರು?’

‘ಸಾಬರ ಪರ ನಿಂತ್ರ ಊರಾಗ ನಿಮಗ ನೀರು ನಿಡಿ ಕೊಡೋರು ಇರಂಗಿಲ್ಲ, ನೋಡ್ರಿ ಮತ್ತ. ಯುದ್ಧದ ಟೈಮಿನ ಕೇಸು. ನೀವೂ ಒಳಗ ಹೋಗ್ತೀರಿ.’

‘ಹೊರಗ ನಡಿ.’

ಮರುದಿನ ಬುಟ್ಟಿ ಹೊತ್ತು ರಸ್ತೆಗೆ ಬಂದಾಗ ದಿನಾ ಹಣ್ಣು ಒಯ್ಯುತ್ತಿದ್ದ ಟೆಂಪೊ ನಿಲ್ಲಲಿಲ್ಲ. ಚಾಲಕ ತಲೆ ಆ ಕಡೆ ತಿರುಗಿಸಿಕೊಂಡು ಹೋದ. ಮಲ್ಕಮ್ಮ ಬಸ್ಸಿನಲ್ಲಿ ಬಂದರು. ಬುಟ್ಟಿಯನ್ನು ಜಗತ್‌ನ ಚಹಾದಂಗಡಿಯಲ್ಲಿಟ್ಟು, ಅಲ್ಲೇ ಹಿಂದಿನ ಗಲ್ಲಿಯಲ್ಲಿದ್ದ ಸಾಯಿಕುಮಾರರ ಆಫೀಸಿನ ಮೆಟ್ಟಿಲು ಹತ್ತಿದರು. ಎದುರು ಪಕ್ಷದವರು ತಮ್ಮ ಬಾಗಿಲಲ್ಲಿ ನಿಂತದ್ದು ಕಂಡು ಸಾಯಿಕುಮಾರ ಕುರ್ಚಿಯಿಂದ ಎದ್ದರು.

‘ಅವ್ವಾ, ನಿಮ್ಮ ವಕೀಲರ ಆಫೀಸು ಕೆಳಗದ.’

‘ಗೊತ್ತದ. ಆ ಮಂಡಳಿ ಮುಂದ ನಾ ಮಾತಾಡ್ಬಹುದೇನು?’

ಸಾಯಿಕುಮಾರ ನಿಧಾನಕ್ಕೆ ವಿವರಿಸಿದರು. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿಲ್ಲ, ತಾವು ಬರುವಂತಿಲ್ಲ. ಸಾಕ್ಷಿಗಳನ್ನು ಮಂಡಳಿ ತಾನಾಗಿ ಕರೆಸುವುದಿಲ್ಲ. ಬಂಧನದಲ್ಲಿರುವವರ ಕಡೆಯವರೇ ಅರ್ಜಿ ಕೊಟ್ಟು ಸಾಕ್ಷಿಯನ್ನು ಆ ಹೊತ್ತಿಗೆ ಬಾಗಿಲಲ್ಲಿ ತಂದು ನಿಲ್ಲಿಸಬೇಕು. ಒಳಗೆ ಬಿಡುವುದು ಬಿಡದಿರುವುದು ಮಂಡಳಿಗೆ ಸೇರಿದ್ದು. ಆಮೇಲೆ ಮುಖ್ಯವಾದದ್ದನ್ನೂ ಹೇಳಿದರು. ಆ ಬೆಳಕು ತಮ್ಮದು ಎಂದು ಮಲ್ಕಮ್ಮ ಒಪ್ಪಿಕೊಂಡ ಮೇಲೂ ಅದು ಪಾಳಿಯ ಸನ್ನೆ ಎಂಬುದನ್ನು ಮಂಡಳಿ ನಂಬದಿದ್ದರೆ, ಗುಫ್ರಾನ್ ಹೊರಬರುವುದಿಲ್ಲ, ಮಲ್ಕಮ್ಮ ಒಳಗೆ ಹೋಗಬಹುದು.

‘ಜಗದೇವಪ್ಪನೂ ಅದನ್ನೇ ಅಂದ,’ ಎಂದರು ಮಲ್ಕಮ್ಮ.

‘ಮತ್ತ್ಯಾಕ ಬರ್ತೀರಿ?’

‘ಅವನ್ನ ಕೋರ್ಟಿನ್ಯಾಗ ನಿಲ್ಲಿಸಿ ನಾ ಸೋಲಿಸ್ಬೇಕು. ಮೂರು ಸಲ ಕರದ್ರೂ ಬರ್ಲಿಲ್ಲ ಅಂತ ಗೆದ್ರ ಅದು ಗೆದ್ದಂಗೇನು?’

ಇದು ಅವರು ಸಾಯಿಕುಮಾರರಿಗೆ ಕೊಟ್ಟ ಉತ್ತರ. ಸಾಯಿಕುಮಾರ ಮಲ್ಕಮ್ಮನ ಹೆಸರನ್ನು ಸಾಕ್ಷಿಯಾಗಿ ಬರೆದು ಲತೀಫಾರಿಂದ ಮಂಡಳಿಗೆ ಅರ್ಜಿ ಕೊಡಿಸಿದರು. ಮಗನಿಗೆ ಬೇರೆ ಹೇಳಿದರು. ಗುರುಲಿಂಗ ಫೋನಿನಲ್ಲಿ ಬೈದಿದ್ದ: ‘ಯವ್ವಾ, ನಿನಗ ಹುಚ್ಚು ಹಿಡದದೇನು? ನನ್ನ ನೌಕರಿ ಏನಾಗಬೇಕು?’ ಅವನಿಗೆ ಮಲ್ಕಮ್ಮ, ‘ಸಂಜಿ ಎಂಟಕ್ಕ ನಾ ಎಲ್ಲಿದ್ದೆ ಅಂತ ಜಗದೇವಪ್ಪ ಹೇಳ್ತಾನಂತ. ಅಷ್ಟು ಸಾಕು’ ಎಂದು ಫೋನಿಟ್ಟರು. ಚಹಾದಂಗಡಿಯವನು ಕೇಳಿದಾಗ ನಿನಗ್ಯಾಕೋ ಎಂದರು.

ಮಂಡಳಿ ಬೆಂಗಳೂರಿನಲ್ಲಿ ಕೂರುತ್ತದೆ. ಕಲಬುರಗಿಯ ಜೈಲಿನ ಒಂದು ಕೋಣೆಯಲ್ಲಿ ಪರದೆಯ ಮೇಲೆ ವಿಚಾರಣೆ. ಮಲ್ಕಮ್ಮ ಬೆಳಿಗ್ಗೆಯೇ ಬಂದು ಗೇಟಿನಲ್ಲಿ ಕೂತಿದ್ದರು. ಸೀರೆಯ ಸೆರಗಿನಲ್ಲಿ ಬ್ಯಾಟರಿ ಸುತ್ತಿ ತಂದಿದ್ದರು. ಕಾವಲಿನವರು ಅದನ್ನು ತೆಗೆದಿಟ್ಟುಕೊಂಡು ಚೀಟಿ ಕೊಟ್ಟರು. ಸ್ವಲ್ಪ ದೂರದಲ್ಲಿ ಬೇವಿನ ಮರದ ಕೆಳಗೆ ಲತೀಫಾ ಕೂತಿದ್ದರು. ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ ಒಳಗಿನಿಂದ ಕರೆ ಬಂತು.

ಪರದೆಯ ಮೇಲೆ ಮೂವರಿದ್ದರು. ನಡುವೆ ಕೂತವರು ನಿವೃತ್ತ ನ್ಯಾಯಮೂರ್ತಿ. ಈ ಕಡೆ ಬೆಂಚಿನ ಮೇಲೆ ಗುಫ್ರಾನ್. ಗಡ್ಡ ಬೆಳೆದಿತ್ತು, ಅಂಗಿ ಸಡಿಲವಾಗಿತ್ತು. ಬಾಗಿಲಲ್ಲಿ ಮಲ್ಕಮ್ಮನನ್ನು ಕಂಡ ಕೂಡಲೇ ಅವರು ಎದ್ದು ನಿಂತರು.

‘ಸಾಬ್, ಈಕಿನ್ನ ಯಾರು ಕರೆಸ್ಯಾರ? ಈಕಿ ನನ್ನ ದುಶ್ಮನ್. ಈಕಿ ಬಾಯಿಂದ ನನಗ ಒಳ್ಳೇದಾಗಂಗಿಲ್ಲ.’

‘ನಿಮ್ಮ ಮನೆಯವರು ಕೊಟ್ಟ ಅರ್ಜಿಯಲ್ಲಿ ಇವರೇ ಸಾಕ್ಷಿ,’ ಎಂದರು ನ್ಯಾಯಮೂರ್ತಿ. ‘ಕೂತ್ಕೊಳ್ಳಿ.’

‘ಕುಂದ್ರು,’ ಎಂದರು ಮಲ್ಕಮ್ಮ. ವರ್ಷಗಳ ಮೇಲೆ ಅವರು ಗುಫ್ರಾನರಿಗೆ ಆಡಿದ ಮೊದಲ ಮಾತು ಅದು.

ನ್ಯಾಯಮೂರ್ತಿ ಕೇಳಿದರು: ‘ನಿಮಗೂ ಇವರಿಗೂ ಏನು ಸಂಬಂಧ?’

‘ಏನೂ ಇಲ್ರಿ. ಕೋರ್ಟಿನ್ಯಾಗ ಜಗಳ ಅದ.’

‘ಆ ದಿನ ಸಂಜೆ ಏನಾಯಿತು?’

ಮಲ್ಕಮ್ಮ ಬಾವಿಯಿಂದ ಶುರು ಮಾಡಿದರು. ಮೋಟಾರು, ಒಣಗಿದ ಸಾಲು, ಕೊಯ್ದ ಪೈಪು, ಮಹಾದೇವಪ್ಪ ಕಟ್ಟಿದ ಪಾಳಿ. ಎಡಗಡೆಯ ಸದಸ್ಯರು ಒಮ್ಮೆ ಗಡಿಯಾರ ನೋಡಿದರು. ನ್ಯಾಯಮೂರ್ತಿ ತಡೆಯಲಿಲ್ಲ.

‘ಅವತ್ತು ಅವನ ಪಾಳಿ ಮುಗಿಯೋ ದಿನ ಇತ್ರಿ. ಮೂರು ಸಲ ಬಿಟ್ಟ. ನಾ ಒಂದು ಸಲ ಬಿಟ್ಟೆ. ನೀರು ಬಂತು. ಅಲ್ಲಿ ಅಪರಿಚಿತ ಅಂತ ಬರದಾರಂತಲ್ರಿ, ಅದು ನಾನೇ.’

ಕೋಣೆಯಲ್ಲಿದ್ದ ಜೈಲು ಅಧಿಕಾರಿ ತಲೆಯೆತ್ತಿದರು. ಎಡಗಡೆಯ ಸದಸ್ಯರು ಮುಂದಕ್ಕೆ ಬಾಗಿದರು.

‘ದೀಪ ಆರಿಸಬೇಕು ಅಂತ ಸಾರಿದ್ದು ನಿಮಗೆ ಕೇಳಿಸಿತ್ತಾ?’

‘ಕೇಳಿತ್ರಿ. ಮನಿ ದೀಪ, ಅಂಗಡಿ ದೀಪ ಅಂದಿದ್ರು. ಮನಿ ದೀಪ ಆರಿಸೇ ಹೋಗೀನಿ. ಹೊಲದ ಬ್ಯಾಟರಿ ಬಗ್ಗಿ ಯಾರೂ ಅಂದಿಲ್ಲ.’

‘ಪೊಲೀಸರು ಬಂದಾಗ ಇದನ್ನ ಯಾಕೆ ಹೇಳಲಿಲ್ಲ?’

‘ಅವ ಬಿಟ್ಟಾನೋ ಇಲ್ಲೋ ಅಂತ ಕೇಳಿದ್ರು. ಯಾರಿಗಿ ಬಿಟ್ಟ ಅಂತ ಕೇಳ್ಲಿಲ್ಲ.’

‘ನೀವಾಗೇ ಹೇಳಬಹುದಿತ್ತಲ್ಲ?’

‘ಹೇಳಬಹುದಿತ್ತು. ಹೇಳ್ಲಿಲ್ಲ. ಅವನ ಮ್ಯಾಲ ಸಿಟ್ಟಿತ್ತು. ಈಗೂ ಅದ.’

‘ಇವರು ಒಳಗಿದ್ದರೆ ನೀರು ಪೂರ್ತಿ ನಿಮ್ಮದಲ್ವಾ?’

‘ಆಗ್ಯಾದ್ರಿ. ಈ ಸಲ ಗೊನಿ ಛಲೋ ಬಂದಾವ.’

‘ಆ ಬೆಳಕು ನಿಮ್ಮದು ಅಂತ ಹೇಳಿದರೆ ನಿಮ್ಮ ಮೇಲೂ ಕ್ರಮ ಆಗಬಹುದು. ಗೊತ್ತಿದೆಯಾ?’

‘ವಕೀಲ್ರು ಅಂದಾರ್ರಿ. ಹಿಡಿಯೋದಾದ್ರ ಇಬ್ರನ್ನೂ ಹಿಡೀರಿ. ಬಿಡೋದಾದ್ರ ಇಬ್ರನ್ನೂ ಬಿಡ್ರಿ. ಆದ್ರ ಇವನ ಬಾಜೂ ಕೋಣಿ ಮಾತ್ರ ನನಗ ಬ್ಯಾಡ್ರಿ.’

ಬೆಂಚಿನ ಮೇಲಿನಿಂದ ಗುಫ್ರಾನ್, ‘ನನಗೂ ಬ್ಯಾಡ ಸಾಬ್,’ ಎಂದರು.

ನ್ಯಾಯಮೂರ್ತಿ ಬೆಳಕಿನ ಲೆಕ್ಕವನ್ನು ಇನ್ನೊಮ್ಮೆ ಕೇಳಿದರು. ಆಮೇಲೆ ಗುಫ್ರಾನರ ಕಡೆ ತಿರುಗಿ, ಮಲ್ಕಮ್ಮನ ಪಾಳಿ ಮುಗಿದ ದಿನ ಏನು ಮಾಡುತ್ತಿದ್ದರು ಎಂದು ಕೇಳಿದರು. ‘ಈಕಿ ಮೂರು ಬಿಡ್ತಾಳ, ನಾ ಒಂದು. ಆದ್ರ ಈಕಿ ಎಂದೂ ಟೈಮಿಗಿ ಬಿಟ್ಟಿಲ್ಲ ಸಾಬ್, ದಿನಾ ತಡಾ ಮಾಡಿ ನೀರು ಹೊಡೀತಾಳ,’ ಎಂದರು ಗುಫ್ರಾನ್.

‘ಯಾರು ತಡಾ ಮಾಡೋರು? ನೀನೇ ಎಂಟಾದ್ರೂ ವಾಲ್ವ್ ಬಿಡಂಗಿಲ್ಲ!’

‘ನನ್ನ ಗಡಿಯಾರ ಬರೋಬ್ಬರಿ ಅದ!’

ಜೈಲು ಅಧಿಕಾರಿ ಇಬ್ಬರಿಗೂ ಸುಮ್ಮನಿರಲು ಹೇಳಬೇಕಾಯಿತು. ಪರದೆಯ ಮೇಲೆ ಮೂವರೂ ತಮ್ಮತಮ್ಮಲ್ಲಿ ಏನೋ ಮಾತಾಡಿಕೊಂಡರು, ಈ ಕಡೆಗೆ ಕೇಳಿಸಲಿಲ್ಲ. ಸಾಕ್ಷಿ ಹೋಗಬಹುದು ಎಂದರು.

ಗೇಟಿನಲ್ಲಿ ಚೀಟಿ ಕೊಟ್ಟು ಮಲ್ಕಮ್ಮ ಬ್ಯಾಟರಿ ವಾಪಸು ಪಡೆದರು. ಹೊತ್ತಿಸಿ ನೋಡಿ, ಸೆಲ್ಲು ತೆಗೆದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಬೇವಿನ ಮರದ ಕೆಳಗಿನಿಂದ ಲತೀಫಾ ಎದ್ದು ಬಂದರು.

‘ಏನಂದ್ರು ಅಕ್ಕಾ?’

‘ನನಗೇನು ಗೊತ್ತು? ಹೇಳೋದು ಹೇಳೀನಿ. ನಿನ್ನ ಗಂಡಗ ಒಳಗೂ ಸೊಕ್ಕು ಇಳದಿಲ್ಲ.’

ಮಂಡಳಿ ತನ್ನ ಅಭಿಪ್ರಾಯಕ್ಕೆ ಕಾರಣ ಬಹಿರಂಗಪಡಿಸುವುದಿಲ್ಲ. ಬಂಧನಕ್ಕೆ ಸಾಕಷ್ಟು ಕಾರಣವಿಲ್ಲ ಎಂಬ ಒಂದು ಸಾಲಷ್ಟೇ ಹೊರಗೆ ಬಂತು. ಜುಲೈ ತಿಂಗಳ ಮೊದಲ ವಾರದಲ್ಲಿ ಗುಫ್ರಾನ್ ಬಿಡುಗಡೆಯಾದರು. ಆ ಸಂಕೇತದ ಸುದ್ದಿ ಹೇಗೆ ಹುಟ್ಟಿತು ಎಂದು ಯಾರೂ ಜಗದೇವಪ್ಪನವರನ್ನು ಕೇಳಲಿಲ್ಲ. ಕಳೆದುಹೋದ ವಾರಗಳಿಗೆ ಯಾರೂ ಉತ್ತರ ಕೊಡಲಿಲ್ಲ. ಮಲ್ಕಮ್ಮನನ್ನು ಪೊಲೀಸರು ಒಮ್ಮೆ ಠಾಣೆಗೆ ಕರೆದು ಸಂಜೆಯವರೆಗೆ ಕೂರಿಸಿ, ಏನೂ ಬರೆದುಕೊಳ್ಳದೆ ಕಳಿಸಿದರು. ಟೆಂಪೊ ಈಗಲೂ ಅವರ ಮುಂದೆ ನಿಲ್ಲುವುದಿಲ್ಲ. ಜಗತ್‌ನಲ್ಲಿ ಊರ ಕಡೆಯ ಕೆಲವರು ಹಾದು ಹೋಗುವಾಗ, ‘ಬ್ಯಾಟರಿ ತಂದೀ ಏನವ್ವಾ?’ ಎಂದು ಕೂಗುತ್ತಾರೆ. ‘ತಂದೀನಿ, ನಿನ್ನ ಮಾರಿ ಮ್ಯಾಲ ಬಿಡ್ಲೇನು?’ ಎಂದು ಮಲ್ಕಮ್ಮ ಕೂತಲ್ಲಿಂದಲೇ ಕೂಗುತ್ತಾರೆ.

ದಿಬ್ಬದ ಮೇಲಿನ ಗಿಡಗಳಲ್ಲಿ ಅರ್ಧ ಉಳಿದಿವೆ. ಒಣಗಿದವುಗಳಿಗೆ ಮಲ್ಕಮ್ಮನೇ ಹೊಣೆ ಎಂದು ಗುಫ್ರಾನ್ ಸಾಯಿಕುಮಾರರ ಮೂಲಕ ಅದೇ ದಾವೆಯಲ್ಲಿ ಇನ್ನೊಂದು ಅರ್ಜಿ ಹಾಕಿದ್ದಾರೆ. ಪಾಳಿ ಮೊದಲಿನಂತೆ ನಡೆದಿದೆ: ಮೂರು ಸಲ, ಒಂದು ಸಲ. ಬಾವಿಯ ದಾವೆ ಬರುವ ಸೋಮವಾರ ಸಾಕ್ಷ್ಯಕ್ಕೆ ಇದೆ. ಮೊದಲು ಗುಫ್ರಾನ್ ಕಟಕಟೆ ಹತ್ತುತ್ತಾರೆ. ಅವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಮಲ್ಕಮ್ಮ ತಮ್ಮ ವಕೀಲರಿಗೆ ಆಗಲೇ ಹೇಳಿ ಬಂದಿದ್ದಾರೆ.